ದೂರು ಪೆಟ್ಟಿಗೆ ವಾಪಸ್ಸು ಹೋದದ್ದು

ನೀರು ಸರಬರಾಜು ಕಚೇರಿಯ ದಾಸ್ತಾನು ಗುಮಾಸ್ತರಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು. ಸಂಬಳದ ದಿನ ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಮಿಕ್ಕ ದಿನಗಳಲ್ಲಿ ಅವರು ಎಲ್ಲರ ಬಾಯಲ್ಲೂ ಆಗಲಿಬಿಡಿಯವರು. ಪಕ್ಕದ ಮೇಜಿನವರು ತಮ್ಮ ಕಡತಗಳನ್ನು ಇವರ ಕಡೆಗೆ ಸರಿಸಿ, "ಸ್ವಲ್ಪ ನೋಡ್ಬಿಡ್ತೀರಾ?" ಎಂದರೆ, "ಆಗ್ಲಿ ಬಿಡಿ" ಎನ್ನುವರು. ಎದುರುಮನೆಯವರು ತಮ್ಮ ಹಳೆಯ ಮಂಚವನ್ನು ಇವರ ವರಾಂಡದಲ್ಲಿ ತಂದಿಟ್ಟು, "ಎರಡು ದಿನ ಇರ್ಲಿ" ಎಂದಾಗಲೂ ಅದೇ ಮಾತು. ಆ ಮಂಚ ಈಗಲೂ ಅಲ್ಲಿದೆ. ಎದುರುಮನೆಯವರು ಮಾತ್ರ ಊರು ಬಿಟ್ಟು ಹೋಗಿದ್ದಾರೆ. ಒಮ್ಮೆ ಕ್ಷೌರದಂಗಡಿಯವನು ಕೈತಪ್ಪಿ ಎಡಗಡೆಯ ಮೀಸೆಯನ್ನು ಹೆಚ್ಚು ಕತ್ತರಿಸಿ ಕೈಕೈ ಹಿಸುಕಿಕೊಂಡಾಗ, "ಆಗ್ಲಿ ಬಿಡಿ" ಎಂದು ಬಲಗಡೆಯದನ್ನೂ ಅವನಿಗೇ ಒಪ್ಪಿಸಿ ಬಂದವರು. 'ಬೇಡ' ಎಂಬ ಮಾತು ಅವರ ನಾಲಿಗೆಗೆ ಒಗ್ಗಿಯೇ ಇರಲಿಲ್ಲ.

ಇಂಥವರಿಗೂ ದೇವರು ಒಂದು ಆಸೆಯನ್ನು ಕೊಟ್ಟಿದ್ದ. ಅದು ಬಾಗಿಲಿರುವ ಒಂದು ಕೋಣೆ. ಕೆಲಸಕ್ಕೆ ಸೇರಿದ ದಿನದಿಂದ ಅವರ ಮೇಜು ಹಜಾರದ ನಡುವೆ, ಕುಡಿಯುವ ನೀರಿನ ಹೂಜಿಗೂ ಶೌಚಾಲಯಕ್ಕೂ ಇರುವ ನೇರ ದಾರಿಯಲ್ಲಿತ್ತು. ಅದರಿಂದ ಇದಕ್ಕೆ ಹೋಗುವ ಪ್ರತಿಯೊಬ್ಬರೂ ಅವರ ಮೇಜಿನ ಮೂಲೆಗೆ ಸೊಂಟ ತಗುಲಿಸಿ, "ಏನ್ರೀ ಇದು, ದಾರೀಲಿ ಕೂತಿದ್ದೀರಿ" ಎಂದು ಗದರಿಸಿಯೇ ಮುಂದೆ ಹೋಗುತ್ತಿದ್ದರು. ಆಗಲಿಬಿಡಿಯವರು ಕುರ್ಚಿ ಎಳೆದುಕೊಂಡು ಕ್ಷಮೆ ಕೇಳುತ್ತಿದ್ದರು.

ಹೀಗಿರಲು ಕಚೇರಿಗೆ ಹೊಸ ಕಟ್ಟಡವಾಯಿತು. ಸಾಹೇಬರು ಆಗಲಿಬಿಡಿಯವರನ್ನು ಕರೆದು, "ಹಳೇ ದಾಸ್ತಾನು ಕೋಣೇನ ಒಂದು ಕಡ್ಡೀನೂ ಬಿಡದೆ ಖಾಲಿ ಮಾಡ್ಕೊಡಿ. ಹೊಸ ಕಟ್ಟಡದಲ್ಲಿ ಮೂಲೆ ಕೋಣೆ ನಿಮಗೆ. ಕಿಟಕಿ ಇದೆ. ಬಾಗಿಲೂ ಇದೆ" ಎಂದರು. ಬಾಗಿಲಿನ ಮಾತನ್ನು ಸಾಹೇಬರು ಸುಮ್ಮನೆ ಬಾಯಿಗೆ ಬಂತೆಂದು ಆಡಿದ್ದರು. ಆಗಲಿಬಿಡಿಯವರಿಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಅವರ ಹೆಂಡತಿ ಮರುದಿನವೇ ಹೊಸ ಕಟ್ಟಡದ ಕಾವಲುಗಾರನನ್ನು ಹೇಗೋ ಒಪ್ಪಿಸಿ, ಒಳಗೆ ಹೋಗಿ, ಸೆರಗಿನ ಅಂಚಿನಿಂದಲೇ ಕಿಟಕಿಯ ಅಳತೆ ತೆಗೆದುಕೊಂಡು ಬಂದರು. ನೀಲಿ ಬಟ್ಟೆಗೆ ಬಿಳಿಯ ಅಂಚು ಕೊಟ್ಟು ಪರದೆ ಹೊಲಿದರು. ಬೀದಿಯ ಹೆಂಗಸರೆಲ್ಲ ಬಂದು ಪರದೆಯನ್ನು ಮುಟ್ಟಿ ನೋಡಿ ಹೋದರು. ಕೋಣೆ ಸಿಗುವ ಮೊದಲೇ ಪರದೆ ಊರಿಗೆಲ್ಲ ಗೊತ್ತಾಯಿತು. ಕೊನೆಗೆ ಸುದ್ದಿ ಹೆಂಡತಿಯ ಅಣ್ಣನನ್ನೂ ಮುಟ್ಟಿತು. ಈ ಭಾವ ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಬಂದಾಗಲೆಲ್ಲ ಒಂದೇ ಮಾತು: "ನನ್ನ ರೂಮಿನ ಬಾಗಿಲಿಗೆ ಸ್ಪ್ರಿಂಗ್ ಇತ್ತು ಕಣಯ್ಯಾ. ನಾನು ಮುಚ್ಚಬೇಕಾಗೇ ಇರ್ಲಿಲ್ಲ." ಈಗ ಅವರು, ಮುಂದಿನ ವಾರ ಖುದ್ದಾಗಿ ಬಂದು ಕೋಣೆ ನೋಡುವುದಾಗಿ ಹೇಳಿಕಳಿಸಿದ್ದರು.

"ರೀ, ಅಣ್ಣ ಬರೋ ಹೊತ್ತಿಗೆ ಪರದೆ ನೇತಾಡ್ತಿರಬೇಕು" ಎಂದರು ಹೆಂಡತಿ. "ಇಲ್ಲ ಅಂದ್ರೆ ನಾನು ತವರುಮನೆ ಕಡೆ ತಲೆ ಹಾಕೋ ಹಾಗಿಲ್ಲ."

"ಆಗ್ಲಿ ಬಿಡು" ಎಂದರು ಗುಮಾಸ್ತರು.

ದಾಸ್ತಾನು ಕೋಣೆ ಖಾಲಿಯಾಗುತ್ತ ಬಂತು. ತುಕ್ಕು ಹಿಡಿದ ಮೀಟರುಗಳು ಹೋದವು, ರೆಕ್ಕೆಯಿಲ್ಲದ ಫ್ಯಾನುಗಳು ಹೋದವು, ಕಾಲಿಲ್ಲದ ಕುರ್ಚಿಗಳೂ ಕುರ್ಚಿಯಿಲ್ಲದ ಕಾಲುಗಳೂ ಹೋದವು. ಕೊನೆಯ ದಿನ ಬೆಳಗ್ಗೆ ಅಟ್ಟದ ಮೂಲೆಯಲ್ಲಿ, ಗೋಣಿಚೀಲದೊಳಗೆ, ಒಂದು ಪೆಟ್ಟಿಗೆ ಸಿಕ್ಕಿತು. ಅಚ್ಚ ತೇಗದ ಮರ. ಮೇಲ್ಗಡೆ ಉದ್ದನೆಯ ಸೀಳು. ಮುಂದೆ ಒಂದು ಹಿತ್ತಾಳೆಯ ಬೀಗ. ಮುಂಭಾಗದ ಹಲಗೆಯ ಮೇಲೆ ಬಿಳಿಯ ಬಣ್ಣದಲ್ಲಿ, ದುಂಡಗಿನ ಅಕ್ಷರದಲ್ಲಿ, 'ದೂರು ಪೆಟ್ಟಿಗೆ: ನಿಮ್ಮ ಕಷ್ಟಗಳನ್ನು ಬರೆದು ಇದರಲ್ಲಿ ಹಾಕಿ' ಎಂದು ಬರೆದಿತ್ತು.

ಆಗಲಿಬಿಡಿಯವರಿಗೆ ಎಲ್ಲ ನೆನಪಾಯಿತು. ಬಹಳ ವರ್ಷಗಳ ಹಿಂದೆ, ಆಗಿನ ಸಾಹೇಬರು ಯಾವುದೋ ಸಭೆಯಲ್ಲಿ ಕೇಳಿಕೊಂಡು ಬಂದು, ಜನರ ದೂರಿಗೆ ಒಂದು ಪೆಟ್ಟಿಗೆ ಬೇಕೆಂದು ಮಾಡಿಸಿದ್ದರು. ಪೆಟ್ಟಿಗೆ ಬಂದ ಮೇಲೆ ಅದನ್ನು ಎಲ್ಲಿ ತೂಗುಹಾಕಬೇಕೆಂಬ ಪ್ರಶ್ನೆ ಬಂತು. ಗೇಟಿನ ಬಳಿ ಹಾಕಿದರೆ ಎಲ್ಲರಿಗೂ ಕಾಣುತ್ತದೆ, ಅದು ಸರಿಯಲ್ಲ. ಒಳಗೆ ಹಾಕಿದರೆ ಯಾರಿಗೂ ಕಾಣುವುದಿಲ್ಲ, ಅದಕ್ಕೆ ಪೆಟ್ಟಿಗೆಯೇಕೆ? ಈ ಚರ್ಚೆ ಮುಗಿಯುವ ಮೊದಲೇ ಸಾಹೇಬರಿಗೆ ವರ್ಗವಾಯಿತು, ಪೆಟ್ಟಿಗೆ ಅಟ್ಟ ಸೇರಿತು. ನಂತರ ಬಂದ ಸಾಹೇಬರು ಮೇಲಿನವರಿಗೆ, 'ನಮ್ಮ ಕಚೇರಿಯ ದೂರು ಪೆಟ್ಟಿಗೆಗೆ ಈ ವರ್ಷ ಒಂದೂ ದೂರು ಬಂದಿಲ್ಲ' ಎಂದು ಬರೆದು ಕಳಿಸಿದರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅಂದಿನಿಂದ ಪ್ರತಿ ವರ್ಷವೂ ಹಾಗೆಯೇ ಬರೆಯಲಾಯಿತು. ಊರಿನ ನಲ್ಲಿಗಳಿಗೆ ನೀರು ಬರಲಿಲ್ಲ, ಕಚೇರಿಗೆ ದೂರು ಬರಲಿಲ್ಲ. ಎರಡೂ ಒಂದೇ ಶಿಸ್ತಿನಿಂದ ನಡೆದುಕೊಂಡು ಬಂದವು. 'ಒಂದೂ ದೂರಿಲ್ಲದ ಕಚೇರಿ' ಎಂದು ಕೆತ್ತಿದ ಹಿತ್ತಾಳೆಯ ಫಲಕವೊಂದು ಸಾಹೇಬರ ಕೋಣೆಯ ಗೋಡೆಯನ್ನು ಅಲಂಕರಿಸಿತು.

ಇನ್ನೊಂದು ವಿಷಯವೂ ಅವರಿಗೆ ನೆನಪಾಯಿತು. ಪೆಟ್ಟಿಗೆಯ ಕೀಲಿಕೈಗಳು ಎಲ್ಲಾದರೂ ಕಳೆದುಹೋದಾವು ಎಂಬ ಮುಂಜಾಗ್ರತೆಯಿಂದ, ಅವರೇ ಎರಡನ್ನೂ ಒಂದು ದಾರದಲ್ಲಿ ಕಟ್ಟಿ, ಬೀಗ ಹಾಕಿದ್ದ ಪೆಟ್ಟಿಗೆಯ ಸೀಳಿನಿಂದ ಒಳಗೆ ಇಳಿಬಿಟ್ಟಿದ್ದರು. ಇಡೀ ಕಚೇರಿಯಲ್ಲಿ ಅದಕ್ಕಿಂತ ಭದ್ರವಾದ ಜಾಗ ಬೇರೆ ಇರಲಿಲ್ಲ. ಅಲ್ಲಾಡಿಸಿ ನೋಡಿದರು; ಗಲಗಲ ಎಂದಿತು. ಒಂದು ಸಾಮಾನೂ ಕಳೆದುಹೋಗಿಲ್ಲವೆಂದು ಅವರಿಗೆ ಸಮಾಧಾನವಾಯಿತು.

ಸಾಹೇಬರು ಮಾತ್ರ ಪೆಟ್ಟಿಗೆಯನ್ನು ನೋಡಿದೊಡನೆ ಎದ್ದು ಬಾಗಿಲು ಮುಚ್ಚಿದರು. "ಇವತ್ತು ಸಂಜೆ ದೊಡ್ಡ ಸಾಹೇಬ್ರು ಬರ್ತಿದ್ದಾರೆ. ಗೋಣಿಚೀಲದಲ್ಲಿ ಇಷ್ಟು ವರ್ಷ ಮಲಗಿತ್ತು ಅಂತ ಗೊತ್ತಾದ್ರೆ ಫಲಕದ ಗತಿ ಏನ್ರೀ? ನನ್ನ ಗತಿ ಏನು?"

"ಒಡೆದು ಹಾಕಿದ್ರೆ ಆಗುತ್ತಾ ಸಾರ್?"

"ದಾಸ್ತಾನಲ್ಲಿರೋ ತೇಗದ ಮರ. ಒಡೆದ್ರೆ ಯಾಕೆ ಒಡೆದ್ರಿ ಅಂತಾರೆ. ಹರಾಜು ಹಾಕಿದ್ರೆ ಯಾಕೆ ಬಳಸ್ಲಿಲ್ಲ ಅಂತಾರೆ." ಸಾಹೇಬರು ಕಣ್ಣು ಮುಚ್ಚಿ ಯೋಚಿಸಿದರು. "ತಂದ ಅಂಗಡಿ ಇನ್ನೂ ಇದೆಯೇನ್ರೀ?"

ಅಂಗಡಿ ಇತ್ತು. ಅದರ ಹೊರಗೋಡೆಯ ಮೇಲೆ ಹಳೆಯ ಯಜಮಾನರು ಆಳೆತ್ತರದ ಅಕ್ಷರಗಳಲ್ಲಿ, 'ಬಳಸದ ಸಾಮಾನನ್ನು ಯಾವಾಗ ಬೇಕಾದರೂ ವಾಪಸ್ಸು ತನ್ನಿ' ಎಂದು ಬರೆಸಿದ್ದೂ ಇತ್ತು.

"ಬಿಡಿ ಹಾಗಾದ್ರೆ. ಸಂಜೆಯೊಳಗೆ ಕೊಟ್ಟು ಬನ್ನಿ. ಕೊಟ್ಟು ಬಂದ್ರೆ ಮೂಲೆ ಕೋಣೆ. ಪೆಟ್ಟಿಗೆ ವಾಪಸ್ ಬಂತೋ, ಹೊಸ ಕಟ್ಟಡದಲ್ಲೂ ಹೂಜಿ ಪಕ್ಕ ಜಾಗ ನೋಡಿಟ್ಟಿದ್ದೀನಿ."

"ಆಗ್ಲಿ ಬಿಡಿ ಸಾರ್" ಎಂದು ಆಗಲಿಬಿಡಿಯವರು ಪೆಟ್ಟಿಗೆಯನ್ನು ಎದೆಗವಚಿಕೊಂಡು ಹೊರಟರು. ಗೋಣಿಚೀಲ ದಾಸ್ತಾನು ಪಟ್ಟಿಯಲ್ಲಿ ಬೇರೆಯ ಸಾಮಾನೆಂದು ಅದನ್ನು ಬಿಚ್ಚಿ ಅಲ್ಲಿಯೇ ಇಟ್ಟರು. ಮುಂದೆ ನಡೆದ ಅನಾಹುತಕ್ಕೆಲ್ಲ ಈ ಪ್ರಾಮಾಣಿಕತೆಯೇ ಕಾರಣ.

ಬಸ್ಸಿನಲ್ಲಿ ಕಂಡಕ್ಟರು ತಡೆದರು. "ಪೆಟ್ಟಿಗೆಗೂ ಟಿಕೆಟ್ ತಗೋಬೇಕು."

"ಆಗ್ಲಿ ಬಿಡಿ."

"ಟಿಕೆಟ್ ತಗೊಂಡ ಮೇಲೆ ಅದು ಸೀಟಲ್ಲೇ ಕೂರ್ಬೇಕು. ದಾರೀಲಿ ನಿಲ್ಲೋ ಹಾಗಿಲ್ಲ."

"ಆಗ್ಲಿ ಬಿಡಿ."

"ಸೀಟ್ ಖಾಲಿ ಇಲ್ಲ. ಇಳೀರಿ."

ಇಳಿದು ನಡೆದರು. ತೇಗದ ಮರಕ್ಕೆ ತೂಕ ಎಷ್ಟೆಂಬುದು ತಿರುವಿನಲ್ಲಿ ಗೊತ್ತಾಯಿತು. ದರ್ಜಿಯ ಅಂಗಡಿಯ ಮುಂದಿದ್ದ ಕಲ್ಲುಬೆಂಚಿನ ಮೇಲೆ ಪೆಟ್ಟಿಗೆಯನ್ನಿಟ್ಟು, ಪಕ್ಕದಲ್ಲಿ ಕುಳಿತು ಬೆವರು ಒರೆಸಿಕೊಂಡರು. ಪೆಟ್ಟಿಗೆಯ ಮುಖ ಬೀದಿಯ ಕಡೆಗಿತ್ತು.

ಖಾಲಿ ಬಿಂದಿಗೆ ಹಿಡಿದು ಹೋಗುತ್ತಿದ್ದ ಒಬ್ಬ ಹೆಂಗಸು ನಿಂತರು. ಅಕ್ಷರಗಳನ್ನು ಒಂದೊಂದಾಗಿ ಓದಿದರು. "ಅಂತೂ ನಮ್ಮ ಬೀದಿಗೂ ಬಂತಲ್ಲ ಇದು. ನೀವೇನಾ ಇದರ ಸಾಹೇಬ್ರು?"

ಅವರನ್ನು ಈವರೆಗೆ ಯಾರೂ ಹಾಗೆ ಕರೆದಿರಲಿಲ್ಲ. ಅಲ್ಲವೆನ್ನಲು ಅರೆಗಳಿಗೆ ಸಾಕಿತ್ತು. ಆ ಅರೆಗಳಿಗೆಯನ್ನು ಆಗಲಿಬಿಡಿಯವರು ಅಂಗಿಯ ಕಾಲರು ಸರಿಮಾಡಿಕೊಳ್ಳುವುದಕ್ಕೆ ಬಳಸಿದರು.

"ಹೂಂ" ಎಂದರು.

"ಹಾಗಾದ್ರೆ ಒಂದು ಪೆನ್ನು ಕೊಡಿ." ಆ ಹೆಂಗಸು ಸಾಮಾನು ಕಟ್ಟಿಸಿಕೊಂಡಿದ್ದ ಕಾಗದವನ್ನು ಹರಿದು, ಬಿಂದಿಗೆಯ ತಳದ ಮೇಲಿಟ್ಟುಕೊಂಡು ಬರೆದರು. ಬರೆಯುತ್ತ ಓದಿದರು. "ನಲ್ಲಿ ಬರುತ್ತೆ ಅಂತ ಬೆಳಿಗ್ಗೆಯೆಲ್ಲ ಕಾಯೋದು, ಬಂದಾಗ ಬರೀ ಗಾಳಿ. ಆ ಗಾಳಿಗೂ ಬಿಲ್ಲು. ಸರಿಯಾಗಿದೆಯಾ ಸಾಹೇಬ್ರೆ?"

"ಅಕ್ಷರ ಸ್ವಲ್ಪ ದುಂಡಗಿದ್ರೆ ಚೆನ್ನಾಗಿತ್ತು" ಎಂದರು ಆಗಲಿಬಿಡಿಯವರು. ಸಾಹೇಬರಾದವರು ಏನಾದರೊಂದು ತಪ್ಪು ಹೇಳಬೇಕೆಂಬುದನ್ನು ಅವರು ಇಷ್ಟು ವರ್ಷ ಕಣ್ಣಾರೆ ಕಂಡಿದ್ದರು.

ಚೀಟಿ ಒಳಗೆ ಬಿದ್ದಿತು. ಆ ಸದ್ದಿಗೆ ದರ್ಜಿ ಕೊರಳಲ್ಲಿ ಅಳತೆಪಟ್ಟಿ ತೂಗಾಡಿಸಿಕೊಂಡು ಹೊರಗೆ ಬಂದ. "ಸಾಹೇಬ್ರೆ, ನಮ್ಮ ಮೇಲಿನ ಮನೆಯವನ ಮೇಲೆ ಒಂದು ಕೊಡಬಹುದಾ?"

"ಇದು ನೀರಿನ ಕಚೇರೀದಪ್ಪಾ."

"ಅವನು ಚೆಲ್ಲೋದೂ ನೀರೇ ಸಾಹೇಬ್ರೆ. ನನ್ನ ಮಿಷಿನ್ ಮೇಲೆ."

"ಆಗ್ಲಿ ಬಿಡಿ, ಹಾಕಿ."

ಅನಂತರ ಬಂದವನಿಗೆ ಅತ್ತೆಯ ಮೇಲೆ ದೂರು. ಅದು ಮನೆಯ ವಿಷಯವೆಂದು ಹೇಳಿದರೆ, "ಮನೇಲೂ ನಲ್ಲಿ ಇದೆಯಲ್ಲ ಸಾರ್" ಎಂದ. ಅವನ ಹಿಂದೆಯೇ ನಿಂತಿದ್ದ ಅತ್ತೆ, ಅಳಿಯನ ಕೈಯಿಂದ ಪೆನ್ನು ಕಿತ್ತುಕೊಂಡು ತಾವೂ ಒಂದನ್ನು ಬರೆದು, ಅವನ ಚೀಟಿಯ ಮೇಲೆಯೇ ಬೀಳಲೆಂದು ಸೀಳಿನಲ್ಲಿ ಕಣ್ಣಿಟ್ಟು ಗುರಿನೋಡಿ ಹಾಕಿದರು. ಒಬ್ಬರಿಗೆ ಪಕ್ಕದ ಮನೆಯ ನಾಯಿ, ಇನ್ನೊಬ್ಬರಿಗೆ ಗಂಡನ ಗೊರಕೆ. ಪೆಟ್ಟಿಗೆ ಎಲ್ಲವನ್ನೂ ಮಾತಿಲ್ಲದೆ ಹೊಟ್ಟೆಗೆ ಹಾಕಿಕೊಂಡಿತು. ದರ್ಜಿಯ ಅಂಗಡಿಯಿಂದ ಕುರ್ಚಿ ಬಂತು, ಎಲ್ಲಿಂದಲೋ ಚಹಾ ಬಂತು. ಆಗಲಿಬಿಡಿಯವರು ಕಾಲ ಮೇಲೆ ಕಾಲು ಹಾಕಿ, "ಸಾಲಾಗಿ ಬನ್ನಿ, ಒಬ್ಬೊಬ್ಬರೇ ಬನ್ನಿ, ಕಷ್ಟ ಎಲ್ಲರಿಗೂ ಇದ್ದದ್ದೇ" ಎನ್ನುವ ಮಟ್ಟಕ್ಕೆ ಬಂದಿದ್ದರು. ತಾವು ಹೊರಟಿದ್ದು ಪೆಟ್ಟಿಗೆ ಹಿಂದಿರುಗಿಸಲು ಎಂಬುದು ಅವರಿಗೆ ಮರೆತೇ ಹೋಗಿತ್ತು. ಅಧಿಕಾರ ಅವರನ್ನೂ ಕೆಡಿಸಲಿಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ.

ಗುಂಪು ಕಂಡು ಪೊಲೀಸಿನವರೊಬ್ಬರು ಲಾಠಿ ಬೀಸುತ್ತ ಬಂದರು. "ಏನ್ರೀ ಇದು, ಯಾರ ಅಪ್ಪಣೆ ತಗೊಂಡ್ರಿ?"

ಆಗಲಿಬಿಡಿಯವರು ಕಾಲ ಮೇಲಿನ ಕಾಲನ್ನು ಇಳಿಸಿದರು. "ಇಲ್ಲ ಸಾರ್, ನಾನು ಸುಮ್ನೆ ಕೂತಿದ್ದೆ, ಅವರೇ..."

ಪೊಲೀಸಿನವರು ಅಷ್ಟರಲ್ಲಿ ಪೆಟ್ಟಿಗೆಯ ಮೇಲಿನದನ್ನು ಓದಿದರು. ಲಾಠಿ ಕಂಕುಳಿಗೆ ಹೋಯಿತು. ಸುತ್ತ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಹೆಸರು ಬರೀಲೇಬೇಕಾ ಇದರಲ್ಲಿ? ನಮ್ಮ ಮೇಲಿನವರು ರಜೆ ಕೊಡ್ತಿಲ್ಲ ಸಾಹೇಬ್ರೆ. ಹೆಂಡತಿ ಮುಖ ನೋಡಿ ಎಷ್ಟು ದಿನ ಆಯ್ತು."

ಅವರ ಚೀಟಿಯೂ ಬಿದ್ದ ಮೇಲೆ, ನೆತ್ತಿಗೆ ಬಿಸಿಲು ತಗುಲಿ ಆಗಲಿಬಿಡಿಯವರಿಗೆ ಮೂಲೆ ಕೋಣೆಯ ನೆನಪಾಯಿತು. ತಟ್ಟನೆ ಎದ್ದು ಪೆಟ್ಟಿಗೆಯನ್ನು ಎತ್ತಿಕೊಂಡರು. "ನಾನು ಹೊರಡ್ಬೇಕು."

"ಮುಂದಿನ ಬೀದಿಗಾ ಸಾಹೇಬ್ರೆ? ನಾವು ಹೊತ್ಕೊಳ್ತೀವಿ, ಕೊಡಿ" ಎಂದು ದರ್ಜಿ ಒಂದು ಕಡೆಯನ್ನೂ ಅಳಿಯ ಇನ್ನೊಂದು ಕಡೆಯನ್ನೂ ಹಿಡಿದರು. ಬೇಡವೆನ್ನುವುದು ಹೇಗೆಂದು ಗೊತ್ತಿಲ್ಲದ ಮನುಷ್ಯ ಇನ್ನೇನು ಮಾಡಿಯಾನು? "ಆಗ್ಲಿ ಬಿಡಿ" ಎಂದು ಮುಂದೆ ನಡೆದರು. ಹಿಂದೆ ಬೀದಿಯೇ ನಡೆಯಿತು.

ಮರದ ಸಾಮಾನಿನ ಅಂಗಡಿಯಲ್ಲಿ ಹಳೆಯ ಯಜಮಾನರು ಈಗ ಇರಲಿಲ್ಲ. ತೀರಿಕೊಂಡು ವರ್ಷ ತುಂಬಿರಲಿಲ್ಲ. ಅವರ ಮಗ ವ್ಯಾಪಾರ ನೋಡಿಕೊಳ್ಳುತ್ತಿದ್ದ. ಯಜಮಾನರ ಹೆಂಡತಿ, ಎಲ್ಲರೂ ಅಮ್ಮ ಎಂದು ಕರೆಯುತ್ತಿದ್ದವರು, ಬೆಳಗಿನ ಪ್ರಾರ್ಥನೆ ಮುಗಿಸಿ ಬಂದು, ಒಳಗೆ ಒಂದು ಬೆತ್ತದ ಕುರ್ಚಿಯಲ್ಲಿ ಸಂಜೆಯವರೆಗೂ ಕೂತಿರುತ್ತಿದ್ದರು. ಅಂಗಡಿಯಲ್ಲಿ ಮಾರಾಟಕ್ಕಿಲ್ಲದ ಸಾಮಾನು ಅದೊಂದೇ.

ಮಗ ಪೆಟ್ಟಿಗೆಯನ್ನು ತಿರುಗಿಸಿ ನೋಡಿದ. ಅಲ್ಲಾಡಿಸಿದ. "ಏನೋ ಗಲಗಲ ಅಂತಿದೆಯಲ್ಲ?"

"ಕೀಲಿಕೈ."

"ಕೀಲಿಕೈ ಒಳಗಿದ್ರೆ ಬೀಗ ತೆಗೆಯೋದು ಹೇಗೆ ಸ್ವಾಮಿ?"

"ತೆಗೆಯೋಕಾಗಲ್ಲ" ಎಂದರು ಆಗಲಿಬಿಡಿಯವರು. "ಅದಕ್ಕೇ ಭದ್ರವಾಗಿರೋದು."

ಮಗ ಅವರನ್ನೂ ಪೆಟ್ಟಿಗೆಯನ್ನೂ ಒಂದೇ ಬಗೆಯ ಸಾಮಾನೆಂಬಂತೆ ನೋಡಿದ. ಮತ್ತೆ ಅಲ್ಲಾಡಿಸಿದ. "ಗಲಗಲ ಆದ ಮೇಲೆ ಸರಸರ ಅಂತಾನೂ ಅಂತಿದೆ."

"ಅದು... ಬರ್ತಾ ದಾರೀಲಿ ಸ್ವಲ್ಪ ಚೀಟಿ ಬಿದ್ದಿವೆ."

"ಅಂದ್ರೆ ಬಳಸಿದ್ದೀರಿ. ಬಳಸಿದ ಸಾಮಾನು ನಾವು ತಗೊಳ್ಳಲ್ಲ."

"ನಾನು ಬಳಸ್ಲಿಲ್ಲಪ್ಪಾ. ಇವರು ಬಳಸಿದ್ರು."

"ಚೀಟಿ ತೆಗೆದು ಖಾಲಿ ಮಾಡಿ ಕೊಡಿ ಹಾಗಾದ್ರೆ."

"ತೆಗೆಯೋಕೆ ಬೀಗ ಒಡೀಬೇಕು."

"ಬೀಗ ಒಡೆದ ಪೆಟ್ಟಿಗೆ ವಾಪಸ್ ತಗೊಳ್ಳೋಕೆ ನಮಗೇನು ಹುಚ್ಚೇ?"

ಪೊಲೀಸಿನವರೂ ದರ್ಜಿಯೂ ಪೆಟ್ಟಿಗೆಯನ್ನು ತಲೆಕೆಳಗಾಗಿ ಹಿಡಿದು ಕುಲುಕಿದರು. ಒಂದು ಚೀಟಿಯೂ ಹೊರಗೆ ಬರಲಿಲ್ಲ. ಹಾಕಿದ ದೂರು ಹಿಂದಕ್ಕೆ ಬರದಂತೆ ಒಳಗೆ ಅಡ್ಡಹಲಗೆ ಹೊಡೆದಿದ್ದರು ಹಳೆಯ ಯಜಮಾನರು. ಅವರ ಕೆಲಸವೆಂದರೆ ಹಾಗೆ. ಆಗ ಒಳಗಿನಿಂದ ಅಮ್ಮನ ದನಿ ಕೇಳಿಸಿತು.

"ಅದನ್ನ ಇಲ್ಲಿ ತನ್ನಿ."

ತಂದು ಕಾಲ ಬಳಿ ಇಟ್ಟರು. ಅಮ್ಮ ಬಾಗಿ, ತೇಗದ ಅಂಚಿನ ಮೇಲೆ ಬೆರಳಾಡಿಸಿದರು. "ಅವರ ಕೈ ಕೆಲಸ" ಎಂದರು. ಆಮೇಲೆ ಮಗನತ್ತ ತಿರುಗಿದರು. "ಈ ಚೀಟಿಗಳನ್ನ ಯಾರಾದ್ರೂ ಓದಿದ್ರೇನೋ?"

"ಇಲ್ಲಮ್ಮಾ."

"ಯಾರ ಕಷ್ಟವಾದ್ರೂ ತೀರ್ತಾ?"

"ಇಲ್ಲ."

"ಮತ್ತೆ ಬಳಸಿದ್ದು ಹೇಗಾಯ್ತು? ದೂರು ಪೆಟ್ಟಿಗೆಗೆ ಬರೀ ಚೀಟಿ ಹಾಕಿದ್ರೆ ಬಳಸಿದ ಹಾಗಲ್ಲ. ಗೋಡೆ ಮೇಲೆ ನಿಮ್ಮಪ್ಪ ಬರೆಸಿದ್ದಾರೆ. ತಗೋ ವಾಪಸ್."

ಮಗ ತಲೆಯಾಡಿಸಿ ಪೆಟ್ಟಿಗೆಯತ್ತ ಕೈಚಾಚಿದ. ಆಗಲಿಬಿಡಿಯವರ ಕಣ್ಣಿನ ಮುಂದೆ ನೀಲಿ ಪರದೆ ಒಮ್ಮೆ ಅಲ್ಲಾಡಿತು. ಅಷ್ಟರಲ್ಲಿ ಅಮ್ಮ, "ತಡೀರಿ. ವಾಪಸ್ ತಗೊಳ್ಳೋಕೆ ಮುಂಚೆ ನಂದೂ ಒಂದು ಇರ್ಲಿ. ನನಗೆ ಕೈ ನಡುಗುತ್ತೆ, ನೀವೇ ಬರ್ಕೊಳ್ಳಿ" ಎಂದರು.

ಆಗಲಿಬಿಡಿಯವರು ಪೆನ್ನು ತೆಗೆದರು. "ಯಾರ ಮೇಲೆ ಅಮ್ಮಾ?"

"ನಮ್ಮ ಮನೆಯವರ ಮೇಲೆ. ಬರೀರಿ. ಹೇಳದೆ ಕೇಳದೆ ಹೋಗ್ಬಿಟ್ರು. ಕೊಟ್ಟದ್ದೆಲ್ಲ ಯಾವಾಗ ಬೇಕಾದ್ರೂ ವಾಪಸ್ ಬರಬಹುದು ಅಂತ ಊರಿಗೆಲ್ಲ ಕಾಣೋ ಹಾಗೆ ಬರೆಸಿದ್ರು. ತಾವು ಮಾತ್ರ ಬರ್ಲಿಲ್ಲ." ಅಮ್ಮ ತೇಗದ ಅಂಚನ್ನು ಮತ್ತೊಮ್ಮೆ ಸವರಿದರು. "ಸಾಕು. ಅಷ್ಟೇ ಬರೆದು ಹಾಕಿ."

ಬರೆದರು, ಹಾಕಿದರು. ದರ್ಜಿ ಅಳತೆಪಟ್ಟಿಯನ್ನು ಸುತ್ತಿ ಜೇಬಿಗಿಟ್ಟುಕೊಂಡ. ಅತ್ತೆ ಅಳಿಯನ ತೋಳನ್ನು ಹಿಡಿದುಕೊಂಡು ನಿಂತಿದ್ದರು.

"ಸರಿ, ತಗೊಂಡೆ" ಎಂದ ಮಗ. "ನಿಮ್ಮ ಸಾಹೇಬ್ರಿಗೆ ಹೇಳ್ಬಿಡಿ. ಒಳ್ಳೆ ತೇಗ. ಬಿಚ್ಚಿ ಎರಡು ಮಣೆ ಮಾಡ್ತೀನಿ."

"ಒಳಗಿರೋ ಚೀಟಿ?" ಬಿಂದಿಗೆಯ ಹೆಂಗಸು ಕೇಳಿದರು.

"ಒಲೆಗೆ. ಇನ್ನೇನು ಮಾಡ್ಲಿ?"

ಎಲ್ಲರೂ ಆಗಲಿಬಿಡಿಯವರನ್ನು ನೋಡಿದರು. ಅವರು ಬಾಗಿಲು ದಾಟಿ ಒಂದು ಕಾಲು ಹೊರಗಿಟ್ಟಾಗಿತ್ತು. ಬಾಯಿ ತೆರೆದರು. "ಆಗ್ಲಿ..." ಎಂದರು.

'ಬಿಡಿ' ಎಂಬುದು ಬರಲಿಲ್ಲ. ಅವರ ಜೀವಮಾನದಲ್ಲಿ ಆ ಮಾತು ಅರ್ಧಕ್ಕೆ ನಿಂತದ್ದು ಅದೇ ಮೊದಲು. ಹಾಗೆ ನಿಂತಾಗ ಮುಂದೆ ಏನು ಮಾಡಬೇಕೆಂಬ ಅಭ್ಯಾಸವಿಲ್ಲದ್ದರಿಂದ ಅವರು ಒಳಗೆ ಬಂದು, ಬಾಗಿ, ಪೆಟ್ಟಿಗೆಯನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಂಡರು. ಯಾರ ಮುಖವನ್ನೂ ನೋಡದೆ ಕಚೇರಿಯ ದಾರಿ ಹಿಡಿದರು.

ಹಳೆಯ ಕಟ್ಟಡದ ಮುಂದೆ ದೊಡ್ಡ ಸಾಹೇಬರ ಕಾರು ಆಗಲೇ ನಿಂತಿತ್ತು. ಸಾಹೇಬರು ಗೋಡೆಯಿಂದ ಬಿಚ್ಚಿದ ಫಲಕವನ್ನು ಕಂಕುಳಲ್ಲಿ ಹಿಡಿದು, ಒಂದೂ ದೂರಿಲ್ಲದ ಕಚೇರಿಯ ಇತಿಹಾಸವನ್ನು ಅವರಿಗೆ ವಿವರಿಸುತ್ತ ಮೆಟ್ಟಿಲಿಳಿಯುತ್ತಿದ್ದರು. ಎದುರಿಗೆ ತಲೆಯ ಮೇಲೆ ದೂರು ಪೆಟ್ಟಿಗೆ ಹೊತ್ತ ಆಗಲಿಬಿಡಿಯವರೂ, ದಾರಿ ಬಿಡಿಸುತ್ತ ಪೊಲೀಸಿನವರೂ ಬಂದರು; ಹಿಂದೆ ಊರೂ ಬಂದಿತು. ಸಾಹೇಬರು ಇಳಿದ ಮೆಟ್ಟಿಲನ್ನು ಮತ್ತೆ ಹತ್ತಿದರು.

"ಏನಿದು?" ಎಂದರು ದೊಡ್ಡ ಸಾಹೇಬರು.

ದರ್ಜಿ ಮುಂದೆ ಬಂದ. "ನಿಮ್ಮ ಕಚೇರಿಯವರು ಸ್ವಾಮಿ. ಬೀದಿ ಬೀದಿಗೆ ಬಂದು ನಮ್ಮ ಕಷ್ಟ ಕೇಳಿದ್ರು. ಇಂಥವರನ್ನ ನಾವು ನೋಡೇ ಇರ್ಲಿಲ್ಲ."

ದೊಡ್ಡ ಸಾಹೇಬರು ನಿಧಾನವಾಗಿ ಸಾಹೇಬರ ಕಡೆಗೆ ತಿರುಗಿದರು. ಸಾಹೇಬರು ಸಾಹೇಬರಾದದ್ದು ಸುಮ್ಮನೆ ಅಲ್ಲ. ಫಲಕ ಒಂದೇ ಏಟಿಗೆ ಬೆನ್ನ ಹಿಂದೆ ಹೋಯಿತು. "ಹೌದು ಸಾರ್. ಮನೆ ಬಾಗಿಲಿಗೆ ದೂರು ಪೆಟ್ಟಿಗೆ. ನನ್ನ ಬಹಳ ದಿನದ ಯೋಜನೆ. ತಮಗೆ ಆಮೇಲೆ ತಿಳಿಸೋಣ ಅಂತಿದ್ದೆ."

ಬೀಗವನ್ನು ಅಲ್ಲಿಯೇ ಒಡೆಸಿದರು. ಮೊದಲು ಕೈಗೆ ಸಿಕ್ಕಿದ್ದು ದಾರ ಕಟ್ಟಿದ ಕೀಲಿಕೈಗಳು.

"ಕೀಲಿಕೈ ಒಳಗೆ ಹಾಕಿದವರು ಯಾರು?"

ಯೋಜನೆ ತಮ್ಮದೆಂದಿದ್ದ ಸಾಹೇಬರು ಈ ಭಾಗ ಮಾತ್ರ ತಮ್ಮದಲ್ಲವೆಂದು ಬೆರಳು ತೋರಿಸಿದರು. ಆಗಲಿಬಿಡಿಯವರು ತಲೆ ತಗ್ಗಿಸಿದರು.

ದೊಡ್ಡ ಸಾಹೇಬರು ಬಹಳ ಹೊತ್ತು ಕೀಲಿಕೈಗಳನ್ನು ನೋಡಿದರು. ದೊಡ್ಡವರಾದವರು ಯಾವುದನ್ನೂ ಸರಳವಾದ ದಡ್ಡತನವೆಂದು ಒಪ್ಪುವುದಿಲ್ಲ. "ಅಂದ್ರೆ ಕಚೇರಿಯವರು ಯಾರೂ ನಡುವೆ ಕೈ ಹಾಕೋ ಹಾಗಿಲ್ಲ. ಎಷ್ಟು ದೂರ ಯೋಚನೆ ಮಾಡಿದ್ದೀರಿ" ಎಂದು ಆಗಲಿಬಿಡಿಯವರ ಬೆನ್ನು ತಟ್ಟಿದರು. "ಇವರಿಗೆ ಹೊಸ ಕಟ್ಟಡದಲ್ಲಿ ಯಾವ ಜಾಗ ಕೊಟ್ಟಿದ್ದೀರಿ?"

"ಮೂಲೆ ಕೋಣೆ ಸಾರ್. ಕಿಟಕಿ ಇದೆ, ಬಾಗಿಲಿದೆ."

"ಬಾಗಿಲು ತೆಗೆಸಿಬಿಡಿ. ಜನ ಬರೋ ಕೋಣೆಗೆ ಬಾಗಿಲು ಯಾಕೆ?"

ಬಾಗಿಲನ್ನು ಅಂದೇ ಬಿಚ್ಚಿದರು. ಅದು ಹಾಳಾಗಬಾರದೆಂದು ಸಾಹೇಬರು ತಮ್ಮ ಕೋಣೆಗೆ ಎರಡನೆಯ ಬಾಗಿಲಾಗಿ ಹಾಕಿಸಿಕೊಂಡರು.

ಮುಂದಿನ ವಾರ ಹೆಂಡತಿಯೂ ಭಾವನೂ ಬಂದಾಗ ಮೂಲೆ ಕೋಣೆಯ ಕಿಟಕಿ ಬೋಳಾಗಿತ್ತು. ನೀಲಿ ಪರದೆ ಬಾಗಿಲಿನ ಜಾಗದಲ್ಲಿ ತೂಗಾಡುತ್ತಿತ್ತು. ಕಿಟಕಿಯ ಅಳತೆಗೆ ಹೊಲಿದದ್ದಾದ್ದರಿಂದ ಅರ್ಧಕ್ಕೇ ನಿಂತು, ಒಳಗೆ ಕುಳಿತವರ ಕಾಲುಗಳೆರಡೂ ಹೊರಗಿನವರಿಗೆ ಕಾಣುತ್ತಿದ್ದವು. ಹೀಗಾಗಿ ಇಡೀ ಕಚೇರಿಯಲ್ಲಿ 'ಸಾಹೇಬರು ಇಲ್ಲ' ಎಂದು ಹೇಳಿಸಲಾಗದ ಮನುಷ್ಯ ಅವರೊಬ್ಬರೇ ಆದರು. ಭಾವ ಸೊಂಟ ಬಗ್ಗಿಸಿ, ಪರದೆಯ ಕೆಳಗಿನಿಂದ ಒಳಗೆ ಇಣುಕಿದರು.

"ಬಾಗಿಲೆಲ್ಲಯ್ಯಾ?"

ಹೆಂಡತಿ ಸೆರಗು ಸರಿಮಾಡಿಕೊಂಡರು. "ಬಾಗಿಲು ಮೇಲಿನವರೇ ತೆಗೆಸಿದ್ದಾರಣ್ಣಾ. ಇವರ ಮೇಲೆ ಅಷ್ಟು ನಂಬಿಕೆ. ನಿನಗಾದ್ರೆ ಸ್ಪ್ರಿಂಗ್ ಹಾಕಿದ್ರು ಅಲ್ವಾ?"

ಭಾವ ಆಮೇಲೆ ಸ್ಪ್ರಿಂಗಿನ ಮಾತೆತ್ತಲಿಲ್ಲ.

ಚೀಟಿಗಳನ್ನು ವಿಭಾಗಗಳಿಗೆ ಹಂಚುವುದು ಈಗ ಆಗಲಿಬಿಡಿಯವರ ಕೆಲಸ. ನಲ್ಲಿಯದು ನಲ್ಲಿಯವರಿಗೆ ಹೋಯಿತು; ಅವರು ಅದನ್ನು ಪೈಪಿನವರಿಗೆ ಕಳಿಸಿದರು; ಪೈಪಿನವರು, ಮಾಡುವುದಕ್ಕೆ ಬೇರೆ ಏನೂ ತೋಚದೆ, ರಿಪೇರಿ ಮಾಡಿದರು. ಬಿಂದಿಗೆಯ ಹೆಂಗಸಿನ ಬೀದಿಗೆ ನೀರು ಬಂತು. ಇದು ಹೇಗಾಯಿತೆಂದು ಕಚೇರಿಯಲ್ಲಿ ವಿಚಾರಣೆ ನಡೆಯಿತು. ಗೊರಕೆಯ ಚೀಟಿ ಇನ್ನೂ ಮೇಜಿನಿಂದ ಮೇಜಿಗೆ ತಿರುಗುತ್ತಿದೆ. ಒಂದು ಚೀಟಿಯನ್ನು ಮಾತ್ರ ಯಾವ ವಿಭಾಗದವರೂ ತೆಗೆದುಕೊಳ್ಳಲಿಲ್ಲ. ಅದು ಅವರ ಮೇಜಿನಲ್ಲೇ ಉಳಿಯಿತು.

ಒಂದು ಮಧ್ಯಾಹ್ನ ಪರದೆಯ ಕೆಳಗೆ ಹಳೆಯ ಚಪ್ಪಲಿಗಳೂ ಒಂದು ಊರುಗೋಲೂ ಕಂಡವು. ಅಮ್ಮ ಒಳಗೆ ಬಂದು, ಕೇಳದೆಯೇ ಕುಳಿತರು. ಗೋಡೆಗೆ ಹೊಡೆದಿದ್ದ ತೇಗದ ಪೆಟ್ಟಿಗೆಯನ್ನು ನೋಡಿದರು, ಪರದೆಯನ್ನು ನೋಡಿದರು.

"ಬಾ ಅಂದವರೂ ಇಲ್ಲ, ಯಾರು ಅಂದವರೂ ಇಲ್ಲ. ನೇರ ಬಂದ್ಬಿಟ್ಟೆ" ಎಂದರು. "ಇದಕ್ಕೊಂದು ಬಾಗಿಲು ಮಾಡಿಸಿ ಕೊಡ್ಲೇನಪ್ಪಾ? ಅವರು ತೆಗೆದಿಟ್ಟ ಹಲಗೆ ಇನ್ನೂ ಇದೆ. ನೀನು ಆಸೆಪಟ್ಟಿದ್ದೆ ಅಂತ ನಿನ್ನ ಹೆಂಡತಿ ಮೊನ್ನೆ ಅಂಗಡಿಗೆ ಬಂದಾಗ ಹೇಳಿದ್ಳು."

ಆಗಲಿಬಿಡಿಯವರು ಪರದೆಯ ಕಡೆ ನೋಡಿದರು. ಗಾಳಿಗೆ ಅದು ಒಳಕ್ಕೊಮ್ಮೆ ಹೊರಕ್ಕೊಮ್ಮೆ ಆಡುತ್ತಿತ್ತು. ಕೆಳಗೆ ಇನ್ಯಾರದೋ ಕಾಲುಗಳು ಬಂದು ಕಾಯುತ್ತಿದ್ದವು.

"ಬೇಡಮ್ಮಾ" ಎಂದರು.

ಹೇಳಿದ ಮೇಲೆ, ಆ ಮಾತು ಬಂದದ್ದು ಎಲ್ಲಿಂದ ಎಂದು ನೋಡುವವರಂತೆ, ಒಮ್ಮೆ ಬಾಯಿ ಮುಟ್ಟಿಕೊಂಡರು.

ಅಮ್ಮ ಎದ್ದು ಊರುಗೋಲು ಹಿಡಿದು, ಹೋಗುವಾಗ ಕೇಳಿದರು. "ನನ್ನ ಚೀಟಿ ಏನಾಯ್ತಪ್ಪಾ?"

ಆಗಲಿಬಿಡಿಯವರು ಎದ್ದು ನಿಂತರು. ಕಚೇರಿಗೆ ತಿಳಿದ ಉತ್ತರ ಅದೊಂದೇ.

"ಪರಿಶೀಲನೆಯಲ್ಲಿದೆ ಅಮ್ಮಾ."

"ಆಗ್ಲಿ ಬಿಡು" ಎಂದು ಅಮ್ಮ ಪರದೆ ಸರಿಸಿಕೊಂಡು ಹೊರಟರು.